ಮೂಳೆ ಕಟ್ಟುವವನ ಕಿರುಬೆರಳು

"ಉಪದೇಶಿಗಳೇ, ಯೇಸುಸ್ವಾಮಿ ಶಿಲುಬೆಯ ಮೇಲೆ ಯಾಕೆ ಕೂಗಿಕೊಂಡರು?"

ಕೇಳಿದವನು ಯಾಗಪ್ಪ. ಉಪದೇಶಿ ಇನ್ನಾಸಪ್ಪನವರ ಹತ್ತಿರ ಎರಡು ವರ್ಷದಿಂದ ಜ್ಞಾನೋಪದೇಶ ಕಲಿಯುತ್ತಿದ್ದ. ಶುಭ ಶುಕ್ರವಾರಕ್ಕೆ ಇನ್ನು ಎಂಟು ದಿನವಿತ್ತು. ಆ ದಿನ ದೇವಾಲಯದಲ್ಲಿ ಗಂಟೆ ಬಾರಿಸುವುದಿಲ್ಲ. ಗಂಟೆಯ ಬದಲು ಮರದ ಗಿಲಕಿ ತಿರುಗಿಸುತ್ತಾರೆ. ವರ್ಷವಿಡೀ ಮೂಲೆಯಲ್ಲಿ ಬಿದ್ದಿದ್ದ ಆ ಗಿಲಕಿಯ ಹಲ್ಲುಗಳಿಗೆ ಇನ್ನಾಸಪ್ಪನವರು ಎಣ್ಣೆ ಹಚ್ಚುತ್ತಾ ಕೂತಿದ್ದರು.

"ನೋವಾಯಿತು, ಕೂಗಿದರು. ಇದರಲ್ಲಿ ಕೇಳೋಕೆ ಏನಿದೆ?" ಎಂದರು.

"ಅವರು ದೇವರಲ್ಲವೇ?"

"ದೇವರೇ. ಮೈ ಮಾತ್ರ ನಮ್ಮಂಥದ್ದೇ. ಹೊಡೆದರೆ ಬಾಸುಂಡೆ ಬರುವ ಮೈ, ಚುಚ್ಚಿದರೆ ರಕ್ತ ಬರುವ ಮೈ."

"ಎಷ್ಟೋ ಜನ ಸಂತರು ಬೆಂಕಿಯಲ್ಲೂ ನಗುನಗುತ್ತಾ ಸತ್ತರು ಅಂತ ನೀವೇ ಪಾಠ ಮಾಡಿದ್ದೀರಿ. ಸ್ವಾಮಿ ಅವರಿಗಿಂತ ದೊಡ್ಡವರು. ಸುಮ್ಮನಿದ್ದಿದ್ದರೆ ಚೆನ್ನಾಗಿರುತ್ತಿತ್ತು."

ಇನ್ನಾಸಪ್ಪನವರು ಎಣ್ಣೆಬಟ್ಟೆಯನ್ನು ಕೆಳಗಿಟ್ಟರು. "ಅಬ್ಬಬ್ಬಾ! ಪಾಠ ಕಲಿಯೋಕೆ ಬಂದವನು ಸ್ವಾಮಿಗೇ ಪಾಠ ಹೇಳೋಕೆ ಹೊರಟೆಯಲ್ಲೋ. ಇದು ನಿನ್ನ ತಲೆಯಲ್ಲಿ ತಾನಾಗಿ ಹುಟ್ಟಿದ ಪ್ರಶ್ನೆಯಲ್ಲ. ಮನೆಯಲ್ಲಿ ಏನು ಮಾಡಿಕೊಂಡು ಬಂದಿದ್ದೀಯ? ಮೊದಲು ಅದನ್ನು ಹೇಳು."

ಯಾಗಪ್ಪ ತಲೆ ತಗ್ಗಿಸಿ ಹೇಳಿದ.

ಅವನ ಮನೆಯಲ್ಲಿ ಅವನ ಸೋದರತ್ತೆ ಜ್ಞಾನಮ್ಮ ಇದ್ದಳು. ಹದಿನೈದು ದಿನದ ಹಿಂದೆ ಕುದಿಯುವ ಗಂಜಿ ಚೆಲ್ಲಿ ಅವಳ ಬಲಗಾಲು ಮೊಣಕಾಲಿನಿಂದ ಪಾದದವರೆಗೆ ಬೆಂದಿತ್ತು. ದಿನಾ ಬೆಳಿಗ್ಗೆ ನರ್ಸಮ್ಮ ಬಂದು ಹಳೆಯ ಪಟ್ಟಿ ಬಿಚ್ಚಿ, ಗಾಯ ತೊಳೆದು, ಹೊಸ ಪಟ್ಟಿ ಕಟ್ಟುತ್ತಿದ್ದಳು. ಪಟ್ಟಿ ಬಿಚ್ಚುವಾಗ ಅತ್ತೆ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ನಾಲ್ಕು ದಿನದ ಹಿಂದೆ ಯಾಗಪ್ಪ ಅವಳ ಪಕ್ಕದಲ್ಲಿ ನಿಂತು ಬುದ್ಧಿ ಹೇಳಿದ. "ಸ್ವಾಮಿ ಕುರಿಮರಿಯ ಹಾಗೆ ಬಾಯಿ ಬಿಡದೆ ಎಲ್ಲ ಸಹಿಸಿಕೊಂಡರು. ನೀನು ಇಷ್ಟಕ್ಕೇ ಹೀಗೆ ಅರಚಿಕೊಂಡರೆ ಹೇಗೆ ಅತ್ತೆ? ಉಪವಾಸದ ತಪಸ್ಸುಕಾಲ ಬೇರೆ."

ಅಂದಿನಿಂದ ಅತ್ತೆ ಕೂಗಲಿಲ್ಲ. ಅಂದಿನಿಂದ ಪಟ್ಟಿ ಬಿಚ್ಚಲೂ ಬಿಡಲಿಲ್ಲ. ನರ್ಸಮ್ಮ ಬಂದರೆ ಕಾಲನ್ನು ಕಂಬಳಿಯ ಒಳಗೆ ಎಳೆದುಕೊಳ್ಳುತ್ತಿದ್ದಳು. "ಸುಮ್ಮನೆ ಸಹಿಸೋಕೆ ನನ್ನ ಕೈಲಿ ಆಗಲ್ಲ ಯಾಗೂ. ನನಗೆ ಅಷ್ಟು ಭಕ್ತಿ ಇಲ್ಲ. ಬಿಟ್ಟುಬಿಡಿ ನನ್ನನ್ನು," ಎನ್ನುತ್ತಿದ್ದಳು. ಪಟ್ಟಿ ವಾಸನೆ ಬರುತ್ತಿತ್ತು. ಇನ್ನೆರಡು ದಿನ ಹೀಗೇ ಬಿಟ್ಟರೆ ಕಾಲು ಉಳಿಯುವುದಿಲ್ಲ ಎಂದು ನರ್ಸಮ್ಮ ನಿನ್ನೆ ಹೇಳಿ ಹೋಗಿದ್ದಳು.

"ಆಮೇಲೆ ನಾನು ಬೈಬಲ್ ತೆಗೆದು ಓದಿದೆ. ಸ್ವಾಮಿ ವಿಚಾರಣೆಯಲ್ಲಿ ಸುಮ್ಮನಿದ್ದದ್ದು ನಿಜ. ಶಿಲುಬೆಯ ಮೇಲೆ ದೊಡ್ಡ ದನಿಯಲ್ಲಿ ಕೂಗಿದರು ಅಂತಲೂ ಇದೆ. ನಾನು ಅತ್ತೆಗೆ ಅರ್ಧ ಮಾತ್ರ ಹೇಳಿದ್ದೆ," ಎಂದ ಯಾಗಪ್ಪ.

"ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ," ಎಂದರು ಇನ್ನಾಸಪ್ಪನವರು. "ನೀನು ಅರ್ಧ ಕೊಡ. ತುಳುಕಿದ್ದು ಪಾಪ, ಆ ಅತ್ತೆಯ ಮೇಲೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ."

ಯಾಗಪ್ಪ ಕೂತ. ಇನ್ನಾಸಪ್ಪನವರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮೂಳೆ ಕಟ್ಟುವವನಿದ್ದ. ಮುರಿದ ಕೈ, ಉಳುಕಿದ ಕಾಲು, ಜಾರಿದ ಭುಜ, ಎಲ್ಲವೂ ಅವನ ಜಗಲಿಗೇ ಬರುತ್ತಿದ್ದವು. ಮೂಳೆಯನ್ನು ಎಳೆದು ಕೂರಿಸುತ್ತಿದ್ದ. ಮೊಟ್ಟೆಯ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸಿ ಹಚ್ಚುತ್ತಿದ್ದ. ಸುತ್ತಲೂ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಿದ್ದ. ಹಿಟ್ಟು ಕಲಸುವವಳು, ಬಂದವರ ಭುಜ ಹಿಡಿದುಕೊಳ್ಳುವವಳು ಅವನ ಹೆಂಡತಿ.

ಆ ದಬ್ಬೆಗಳನ್ನು ಸೀಳಿ ಕೊಡುತ್ತಿದ್ದವಳು ಅದೇ ಊರಿನ ಒಬ್ಬ ಮೇದರ ಹೆಂಗಸು. ಬುಟ್ಟಿ, ಮೊರ ಹೆಣೆಯುವುದು ಅವಳ ಕಸುಬು. ಅವಳಿಗೆ ಗಂಡ ಇರಲಿಲ್ಲ, ಹೊಲ ಇರಲಿಲ್ಲ. ಎರಡು ಕೈ ಇದ್ದವು. ಅವುಗಳ ಮೇಲೆ ಬದುಕು ಚೆನ್ನಾಗಿಯೇ ನಡೆದಿತ್ತು.

ಒಂದು ದಿನ ಬಿದಿರು ಕಡಿಯಲು ಹೋದವಳು ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ನಮ್ಮವನು ಆಗ ಊರಲ್ಲಿರಲಿಲ್ಲ. ಜನ ಅವಳನ್ನು ಪಕ್ಕದ ಊರಿನ ಇನ್ನೊಬ್ಬ ಮೂಳೆಯವನ ಹತ್ತಿರ ಕರೆದುಕೊಂಡು ಹೋದರು.

ಈ ಮೂಳೆಯವರಲ್ಲಿ ಒಂದು ಪದ್ಧತಿ ಇತ್ತು, ಯಾಗಪ್ಪ. ಕೈ ಎಳೆಯುವ ಮುಂಚೆ "ಇರುವೆ ಕಡಿದ ಹಾಗಾಗುತ್ತೆ, ಅಷ್ಟೇ" ಅನ್ನುತ್ತಿದ್ದರು. ಆಮೇಲೆ "ನಿನ್ನ ತವರು ಯಾವೂರಮ್ಮಾ?" ಅಂತ ಪ್ರೀತಿಯಿಂದ ಕೇಳುತ್ತಿದ್ದರು. ಬಂದವಳು ಊರಿನ ಹೆಸರು ಹೇಳೋಕೆ ಬಾಯಿ ತೆರೆದಳೋ, ಒಬ್ಬ ಆ ಬಾಯಿಗೆ ಬಟ್ಟೆಯ ಉಂಡೆ ತುರುಕುತ್ತಿದ್ದ, ಇನ್ನೊಬ್ಬ ಕೈ ಎಳೆಯುತ್ತಿದ್ದ. ಹೊರಗೆ ಸರದಿ ಕಾಯುತ್ತಿದ್ದವರಿಗೆ ಸದ್ದು ಕೇಳಿಸಬಾರದು, ಕೇಳಿಸಿದರೆ ಎದ್ದು ಹೋಗುತ್ತಾರೆ ಅಂತ ಅವರ ಹೆದರಿಕೆ. ಕೂಗು ಕೇಳಿಸದ ಮನೆಗೇ ಒಳ್ಳೆಯ ಹೆಸರು.

ಆ ಹೆಂಗಸು ಇರುವೆಯನ್ನು ನಂಬಿ ಕೈ ಕೊಟ್ಟಿದ್ದಳು. ಜೀವವೇ ಬಾಯಿಗೆ ಬಂತು. ಬಾಯಿಯಲ್ಲಿ ನೋಡಿದರೆ ಬಟ್ಟೆ. ಅರ್ಧ ಎಳೆದಿದ್ದಾಗಲೇ ಕೈ ಕಿತ್ತುಕೊಂಡು, ಬಟ್ಟೆ ಉಗಿದು, ಓಡಿ ಮನೆ ಸೇರಿದಳು. ಮೂಳೆ ಸೊಟ್ಟಗೆ ಕೂತಿತು.

ಎರಡು ವಾರದ ಮೇಲೆ ನಮ್ಮವನು ಊರಿಗೆ ಬಂದ. ದಬ್ಬೆ ತರಲೆಂದು ಅವಳ ಮನೆಗೆ ಹೋದ. ದಬ್ಬೆ ಇರಲಿಲ್ಲ. ಅವಳ ಬೆರಳುಗಳು ಕತ್ತಿಯ ಹಿಡಿಯ ಸುತ್ತ ಮಡಚುತ್ತಿರಲಿಲ್ಲ. ಅವನು ಮಣಿಕಟ್ಟನ್ನು ಮೆಲ್ಲಗೆ ಮುಟ್ಟಿ ನೋಡಿದ.

"ಇನ್ನೂ ಹಸಿ ಇದೆ," ಎಂದ. "ಹುಣ್ಣಿಮೆಯ ಒಳಗೆ ಮತ್ತೆ ಎಳೆದು ಸರಿಯಾಗಿ ಕೂರಿಸಬೇಕು. ಆಮೇಲೆ ಗಟ್ಟಿಯಾಗುತ್ತೆ. ಗಟ್ಟಿಯಾದರೆ ಮುಗೀತು, ಈ ಕೈ ಮತ್ತೆ ಮೊರ ಹೆಣೆಯಲ್ಲ."

"ನೋಯುತ್ತಾ?"

"ನೋಯುತ್ತೆ. ಸುಳ್ಳು ಹೇಳಲ್ಲ. ಇಪ್ಪತ್ತು ಎಣಿಸುವಷ್ಟು ಹೊತ್ತು ಜೀವ ಹೋದ ಹಾಗಾಗುತ್ತೆ, ಆಮೇಲೆ ಇಳಿಯುತ್ತೆ. ನೀನು ಕೈಯನ್ನು ಸಡಿಲ ಬಿಟ್ಟಿರಬೇಕು. ಬಿಗಿ ಹಿಡಿದರೆ ಮೂಳೆ ಕೂರೋದಿಲ್ಲ."

ಅವಳು ನಕ್ಕಳು. ಅದು ಒಳ್ಳೆಯ ನಗು ಅಲ್ಲ. "ಇಪ್ಪತ್ತಂತೆ! ನಿನಗೆ ಹೇಗೆ ಗೊತ್ತು? ನೀನು ಎಳೆಯೋನು. ಎಳೆಯೋ ಕೈಗೆ ನೋವು ಏನು ಗೊತ್ತು? ಹೋಗು, ಹೋಗು. ಇನ್ನು ನನ್ನ ಕೈಯನ್ನು ಯಾರ ಕೈಗೂ ಕೊಡಲ್ಲ."

ಮಾರನೆಯ ದಿನ ಅವನು ಮತ್ತೆ ಹೋದ. ಅವಳು ಬಾಗಿಲು ಹಾಕಿಕೊಂಡಳು. ಅದರ ಮಾರನೆಯ ದಿನ ಹೆಂಡತಿಯನ್ನು ಕಳಿಸಿದ. ಬಾಗಿಲು ತೆರೆಯಲಿಲ್ಲ. ನಾಲ್ಕು ಜನ ಹಿಡಿದುಕೊಳ್ಳುತ್ತೇವೆ, ನೀನು ಎಳೆದುಬಿಡು ಎಂದರು ಊರಿನವರು. ಬಲವಂತಕ್ಕೆ ಮೂಳೆ ಕೂರುವುದಿಲ್ಲ ಎಂದ ಅವನು. ಹುಣ್ಣಿಮೆಗೆ ಮೂರು ದಿನ ಉಳಿಯಿತು.

ಅವನು ಜಗಲಿಯ ಮೇಲೆ ಕೂತು ಯೋಚಿಸಿದ. ಅವಳು ಹೇಳಿದ್ದು ಸರಿಯಾಗಿತ್ತು. ಎಷ್ಟೋ ಜನರ ಮೂಳೆ ಎಳೆದಿದ್ದ. ಅವನ ಮೈಯಲ್ಲಿ ಒಂದು ಮೂಳೆಯೂ ಯಾವತ್ತೂ ಮುರಿದಿರಲಿಲ್ಲ. ಇಪ್ಪತ್ತು ಅನ್ನುವ ಮಾತು ಅವನ ಅಪ್ಪ ಹೇಳಿದ್ದು, ಅಪ್ಪನಿಗೆ ಅಜ್ಜ ಹೇಳಿದ್ದು.

ತಾನು ಮಾಡಬೇಕೆಂದಿದ್ದನ್ನು ಹೆಂಡತಿಗೆ ಹೇಳಿದ. ಅವಳು ಹಿಟ್ಟಿನ ಬಟ್ಟಲನ್ನು ಕುಕ್ಕಿದಳು.

"ನಿಮಗೇನು ತಲೆ ಕೆಟ್ಟಿದೆಯಾ? ಅವಳಿಗೆ ಸುಳ್ಳು ಹೇಳಿದವನು ಪಕ್ಕದ ಊರಲ್ಲಿ ಹಾಯಾಗಿದ್ದಾನೆ. ಆ ಸುಳ್ಳಿಗೆ ನಿಮ್ಮ ಕೈ ಯಾಕೆ ಮುರೀಬೇಕು?"

"ಮುರಿಯೋದು ಕಿರುಬೆರಳು ಒಂದೇ."

"ಬೇರೆ ದಾರಿ ಇಲ್ಲವಾ?"

"ಇದ್ದಿದ್ದರೆ ನನಗೂ ಅದೇ ಬೇಕಿತ್ತು ಕಣೇ. ನನಗೂ ಭಯ ಆಗುತ್ತಿದೆ."

ಅವತ್ತು ಅವನು ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ನೇರ ಅವಳ ಅಂಗಳಕ್ಕೆ ಹೋದ. ಅಲ್ಲಿ ಬಿದಿರು ಸೀಳುವ ಮರದ ದಿಮ್ಮಿ ಇತ್ತು, ಪಕ್ಕದಲ್ಲಿ ಕೊಡತಿ ಬಿದ್ದಿತ್ತು. ಅವಳ ಹೆಸರು ಹಿಡಿದು ಕರೆದ. ಅವಳು ಕಿಟಕಿಯಲ್ಲಿ ಇಣುಕಿದಳು. ಅವನು ಎಡಗೈಯ ಕಿರುಬೆರಳನ್ನು ದಿಮ್ಮಿಯ ಮೇಲಿಟ್ಟ. ಬಲಗೈಯಲ್ಲಿ ಕೊಡತಿ ಎತ್ತಿ ಹೊಡೆದ.

ಹುಚ್ಚು ಅಂತೀಯಾ? ಅನ್ನು. ಊರಿನವರೂ ಹಾಗೇ ಅಂದರು.

ಅವನು ಕೂಗಿದ ಯಾಗಪ್ಪ. ಹಲ್ಲು ಕಚ್ಚಿಕೊಂಡು ನಿಲ್ಲಲಿಲ್ಲ. ಕಣ್ಣು ಮುಚ್ಚಿ ಧ್ಯಾನ ಮಾಡಲಿಲ್ಲ. "ಅಯ್ಯೋ ಅಮ್ಮಾ!" ಅಂತ ಬಾಯಿ ಬಿಟ್ಟು ಕೂಗಿದ. ಬೀದಿಯ ಕೊನೆಯಲ್ಲಿ ಮಲಗಿದ್ದ ನಾಯಿ ಎದ್ದು ಬೊಗಳಿತು.

ಅವಳು ಬಾಗಿಲು ತೆರೆದು ಓಡಿ ಬಂದಳು. "ಏನು ಮಾಡಿಕೊಂಡೆಯೋ ಮಾರಾಯಾ!"

ಅವನು ಮುರಿದ ಬೆರಳನ್ನು ಅವಳ ಮುಂದೆ ಚಾಚಿದ. "ಎಳೆ. ನಿನ್ನ ಎಡಗೈಯಲ್ಲಿ ಹಿಡಿದು ನೇರಕ್ಕೆ ಎಳೆ."

"ನನಗೆ ಬರಲ್ಲ."

"ಬರದಿದ್ದರೂ ಎಳೆ. ಎಣಿಸುತ್ತಾ ಎಳೆ."

ಅವಳು ಹಿಡಿದಳು. ಎಳೆದಳು. ಒಂದು, ಎರಡು, ಮೂರು ಎಂದು ಎಣಿಸಿದಳು. ಅವನು ಮತ್ತೆ ಕೂಗಿದ. ಕಣ್ಣಿಂದ ನೀರು ಸುರಿಯಿತು. "ನಿಲ್ಲಿಸಲಾ?" ಎಂದು ಎರಡು ಸಲ ಕೇಳಿದಳು. ಬೇಡ ಎಂದು ತಲೆ ಅಲ್ಲಾಡಿಸಿದ, ಮತ್ತೆ ಕೂಗಿದ. ಅವಳು ಅವನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು. ಆ ಕೈ ಅವಳ ಕೈಯಲ್ಲಿ ಸಡಿಲವಾಗಿಯೇ ಇತ್ತು. ಅಷ್ಟು ಕೂಗಿದರೂ ಒಂದು ಸಲವೂ ಕೈ ಎಳೆದುಕೊಳ್ಳಲಿಲ್ಲ.

ಇಪ್ಪತ್ತಕ್ಕೆ ನೋವು ಇಳಿಯಲಿಲ್ಲ. ಮೂವತ್ತಕ್ಕೂ ಇಳಿಯಲಿಲ್ಲ. ನಲವತ್ತಕ್ಕೆ ಅವನು ಉಸಿರು ಬಿಟ್ಟ.

"ಇಪ್ಪತ್ತಲ್ಲ," ಎಂದ. "ನಲವತ್ತು. ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ."

ಅವಳು ಅವನ ಬೆರಳಿಗೆ ಒಂದು ಬಿದಿರಿನ ಸೀಳನ್ನು ಇಟ್ಟು ದಾರ ಸುತ್ತಿದಳು. ಆಮೇಲೆ ಒಳಗೆ ಹೋಗಿ ಚಾಪೆ ತಂದು ಅಂಗಳದಲ್ಲಿ ಹಾಸಿದಳು. ಅದರ ಮೇಲೆ ಕೂತು ತನ್ನ ಬಲಗೈಯನ್ನು ಅವನ ಮುಂದೆ ಇಟ್ಟಳು.

"ನಾನು ಕೂಗ್ತೀನಿ," ಎಂದಳು.

"ಕೂಗು."

"ಜೋರಾಗಿ ಕೂಗ್ತೀನಿ. ಬಾಯಿಗೆ ಬಟ್ಟೆ ಇಡಬಾರದು."

"ಮೊದಲು ಕೂಗಿದವನು ನಾನು," ಎಂದ ಅವನು. "ನಿನಗೆ ಬೇಡ ಅಂತ ಯಾವ ಬಾಯಲ್ಲಿ ಹೇಳಲಿ?"

ಅಷ್ಟರಲ್ಲಿ ಹೆಂಡತಿ ಹಿಟ್ಟಿನ ಬಟ್ಟಲು ಹಿಡಿದುಕೊಂಡೇ ಓಡಿ ಬಂದಿದ್ದಳು. ಅವಳು ಮೇದರವಳ ಭುಜ ಹಿಡಿದುಕೊಂಡಳು. ಅವನು ಎರಡೂ ಕೈಯಲ್ಲಿ ಮಣಿಕಟ್ಟನ್ನು ಹಿಡಿದು ಎಳೆದ. ಮಣಿಕಟ್ಟಿನ ಮೂಳೆ ಎಳೆಯಲು ಎರಡು ಕೈ ಬೇಕು, ಒಂದರಲ್ಲಿ ಆಗುವ ಕೆಲಸವಲ್ಲ. ಅವಳ ಕೈ ಎಳೆದಾಗಲೆಲ್ಲ ಅವನ ಮುರಿದ ಬೆರಳೂ ನೋಯಿತು. ಇಬ್ಬರೂ ಒಟ್ಟಿಗೆ ಕೂಗಿದರು. ಹೆಂಡತಿ ಎಣಿಸುತ್ತಿದ್ದಳು, ಆ ಗಲಾಟೆಯಲ್ಲಿ ಎಣಿಕೆ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಟಕ್ ಎಂದು ಒಂದು ಸದ್ದಾಯಿತು. ಮೂಳೆ ತನ್ನ ಜಾಗಕ್ಕೆ ಬಂದು ಕೂತಿತು.

ಏನೋ ಕೊಲೆಯಾಯಿತು ಎಂದು ಊರಿನವರು ಓಡಿ ಬಂದರು. ಬಂದು ನೋಡಿದರೆ ಇಬ್ಬರೂ ಕಣ್ಣೀರು ಒರೆಸಿಕೊಳ್ಳುತ್ತಾ ನಗುತ್ತಿದ್ದಾರೆ. ಹೆಂಡತಿ ಹಿಟ್ಟು ಹಚ್ಚುತ್ತಾ ಇಬ್ಬರಿಗೂ ಸೇರಿಸಿ ಬೈಯುತ್ತಿದ್ದಾಳೆ.

ಕೆಲವು ವಾರದ ಮೇಲೆ ಮೇದರವಳು ಮತ್ತೆ ಕತ್ತಿ ಹಿಡಿದಳು. ಮೊದಲು ಹೆಣೆದ ಮೊರವನ್ನು ಆ ಹೆಂಡತಿಗೆ ಕೊಟ್ಟಳು. ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂಚು ಸ್ವಲ್ಪ ಸಡಿಲ," ಅಂದಳಂತೆ. ಹಾಗಂದು ಮೊರವನ್ನು ಎದೆಗೆ ಒತ್ತಿಕೊಂಡಳಂತೆ.

ಅವನ ಬೆರಳು ಮಾತ್ರ ನೇರವಾಗಲಿಲ್ಲ. ಎಳೆದದ್ದು ಪಳಗದ ಕೈ ನೋಡು, ಸೊಟ್ಟಗೇ ಕೂತಿತು. ಪಕ್ಕದ ಊರಿನ ಮೂಳೆಯವನು ಅದನ್ನು ಕೇಳಿ ಬಂದ. "ಮತ್ತೆ ಮುರಿದು ನೆಟ್ಟಗೆ ಮಾಡಿ ಕೊಡ್ತೀನಿ. ಮೂಳೆ ಕಟ್ಟುವವನ ಬೆರಳೇ ಸೊಟ್ಟ ಅಂದರೆ ನಮ್ಮ ಕಸುಬಿಗೇ ಅವಮಾನ," ಎಂದ. ನಮ್ಮವನು ಒಪ್ಪಲಿಲ್ಲ.

ಆಮೇಲೆ ಯಾರಾದರೂ ಹೆದರಿಕೊಂಡು ಬಂದರೆ ಅವನು ಇರುವೆಯ ಮಾತು ಎತ್ತುತ್ತಿರಲಿಲ್ಲ, ತವರು ಯಾವುದು ಎಂದು ಕೇಳುತ್ತಿರಲಿಲ್ಲ. ಎಡಗೈ ಚಾಚುತ್ತಿದ್ದ. ಅವರು ಆ ಸೊಟ್ಟ ಬೆರಳನ್ನು ಮುಟ್ಟಿ ನೋಡುತ್ತಿದ್ದರು. "ನಲವತ್ತು ಎಣಿಸು," ಎನ್ನುತ್ತಿದ್ದ. "ಕೂಗು. ಕೈ ಮಾತ್ರ ನನ್ನ ಹತ್ತಿರ ಬಿಡು." ಅವನ ಮನೆಯಿಂದ ಬರುವ ಕೂಗು ಮೂರು ಬೀದಿಗೆ ಕೇಳಿಸುತ್ತಿತ್ತು. ಆದರೂ ಜಗಲಿಯ ಮೇಲೆ ಸರದಿ ಕಾಯುತ್ತಿದ್ದವರು ಒಬ್ಬರೂ ಎದ್ದು ಹೋಗುತ್ತಿರಲಿಲ್ಲ.

ಕತೆ ಮುಗಿಸಿ ಇನ್ನಾಸಪ್ಪನವರು ಗಿಲಕಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದರು. ಅದು ಕರಕರ ಎಂದಿತು. ಇನ್ನೂ ಸ್ವಲ್ಪ ಎಣ್ಣೆ ಬೇಕಾಗಿತ್ತು.

ಯಾಗಪ್ಪ ಕೇಳಿದ: "ಆದರೆ ಉಪದೇಶಿಗಳೇ, ಆ ಮೂಳೆಯವನು ಮನುಷ್ಯ. ಅವನಿಗೆ ಬೇರೆ ದಾರಿ ಇರಲಿಲ್ಲ. ಸ್ವಾಮಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೈಗೆ ಗಾಯ ಮಾಡಿಸಿಕೊಳ್ಳೋದು ಯಾಕೆ ಬೇಕಿತ್ತು?"

"ಮಾತಿಗೇನು ಬರವಿತ್ತೇನೋ?" ಎಂದರು ಇನ್ನಾಸಪ್ಪನವರು. "ಪ್ರವಾದಿಗಳು ಒಬ್ಬರಾದ ಮೇಲೆ ಒಬ್ಬರು ಬಂದು ಬಾಯಿ ನೋಯುವಷ್ಟು ಹೇಳಿದರು. ನಾವು ಕೈ ಕೊಟ್ಟೆವಾ? ಬಾಗಿಲು ಹಾಕಿಕೊಂಡೆವು. ಮೇಲೆ ಕೂತಿರೋನಿಗೆ ನಮ್ಮ ನೋವು ಏನು ಗೊತ್ತು ಅಂದೆವು. ಅದಕ್ಕೇ ಅವರು ಇಳಿದು ಬಂದರು. ಕೊರಡೆ ಏಟು ತಿಂದರು, ತಲೆಗೆ ಮುಳ್ಳು ಒತ್ತಿಸಿಕೊಂಡರು, ಅಂಗೈಗೆ ಮೊಳೆ ಹೊಡೆಸಿಕೊಂಡರು. ಶಿಲುಬೆಯಿಂದ ಇಳಿದು ಬಾ ನೋಡೋಣ ಅಂತ ಜನ ಅಣಕಿಸಿದರು. ಕೂಗಿದರು, ಆದರೆ ಇಳಿಯಲಿಲ್ಲ. ಕೂಗೋದು ಬೇರೆ, ಕೈ ಎಳೆದುಕೊಳ್ಳೋದು ಬೇರೆ ಕಣೋ. ನೀನು ಎರಡನ್ನೂ ಒಂದೇ ಮಾಡಿ ಅತ್ತೆಯ ತಲೆಗೆ ಕಟ್ಟಿದ್ದೀಯ."

"ಹೌದು, ತಪ್ಪಾಯಿತು," ಎಂದ ಯಾಗಪ್ಪ.

"ಮೂರನೆಯ ದಿನ ಎದ್ದು ಬಂದರಲ್ಲ, ಆಗಲಾದರೂ ಗಾಯ ಮುಚ್ಚಿಕೊಂಡರಾ? ಹೊಸ ಮೈ, ಬೇಕಾದರೆ ಕಲೆಯೇ ಇಲ್ಲದ ಹಾಗೆ ಮಾಡಿಕೊಳ್ಳಬಹುದಿತ್ತು. ನಂಬದ ಶಿಷ್ಯನ ಮುಂದೆ ಕೈ ಚಾಚಿ, ಮುಟ್ಟಿ ನೋಡು ಅಂದರು," ಎಂದರು ಇನ್ನಾಸಪ್ಪನವರು. ಅವರ ದನಿ ಸ್ವಲ್ಪ ಮೆತ್ತಗಾಯಿತು. "ನನಗೆ ಎಪ್ಪತ್ತು ದಾಟಿತು. ದಿನಾ ಬೆಳಿಗ್ಗೆ ಈ ಮಂಡಿ ಮಡಚಿ ಪ್ರಾರ್ಥನೆಗೆ ಕೂರುವಾಗ ಅಯ್ಯಯ್ಯೋ ಅಂತ ಕೂಗಿಕೊಂಡೇ ಕೂರ್ತೀನಿ. ಒಂದು ದಿನವೂ ನಾಚಿಕೆಯಾಗಿಲ್ಲ. ನೋವು ಗೊತ್ತಿರೋರ ಮುಂದೆ ತಾನೇ ಕೂಗೋದು? ಅದನ್ನು ನೆನೆಸಿಕೊಂಡರೆ ನನಗೆ ಬಲು ಸಂತೋಷವಾಗುತ್ತೆ."

ಅವರು ಎಣ್ಣೆಬಟ್ಟೆಯನ್ನು ಮತ್ತೆ ಕೈಗೆ ತೆಗೆದುಕೊಂಡರು. "ನರ್ಸಮ್ಮ ಎಷ್ಟು ಹೊತ್ತಿಗೆ ಬರ್ತಾಳೆ?"

"ಇನ್ನೇನು ಬರುವ ಹೊತ್ತು. ಆದರೆ ಅತ್ತೆಗೆ ಏನಂತ ಹೇಳಲಿ ಉಪದೇಶಿಗಳೇ? ನಾನೇ ಬಾಯಿ ಮುಚ್ಚಿಸಿದವನು. ನನ್ನ ಮಾತು ಇನ್ನು ಅವಳು ನಂಬುತ್ತಾಳಾ?"

"ನಿನ್ನ ಮಾತು ಯಾರಿಗೆ ಬೇಕೋ? ಹೋಗಿ ಅವಳ ಕೈ ಹಿಡಿದುಕೊಂಡು ಕೂತು, ಮೊದಲು ಕೂಗಿದವರು ಸ್ವಾಮಿ ಅಂತ ಹೇಳು, ಸಾಕು."

ಯಾಗಪ್ಪ ಎದ್ದು ಮನೆಯ ಕಡೆ ಓಡಿದ.